ಅಮ್ಮನನ್ನು ಹುಡುಕಿ ಹೊರಟ ಅಕ್ಕ-ತಮ್ಮ: 'ಅಮ್ಯುಲೆಟ್' ಮೊದಲ ಭಾಗ

ಹೈಸ್ಕೂಲು ಮಕ್ಕಳಿಗೆ ಏನಾದರೂ ಓದಲು ಕೊಡಬೇಕು, ಆದರೆ ದಪ್ಪ ಪುಸ್ತಕ ಕಂಡರೆ ದೂರ ಓಡುತ್ತಾರೆ ಅನ್ನುವವರಿಗೆ ನಾನು ಧೈರ್ಯವಾಗಿ ಹೇಳುವ ಪುಸ್ತಕ ಇದು. ಕಾಜು ಕಿಬುಯಿಶಿ ಅವರೇ ಬರೆದು, ಅವರೇ ಚಿತ್ರ ಬಿಡಿಸಿದ 'ಅಮ್ಯುಲೆಟ್' ಅನ್ನುವ ಕಾಮಿಕ್ಸ್ ಸರಣಿಯ ಮೊದಲ ಭಾಗ, 'ದ ಸ್ಟೋನ್‌ಕೀಪರ್'. ಬಂದದ್ದು 2008ರಲ್ಲಿ. ಒಂಬತ್ತನೇ ಭಾಗ 2024ರಲ್ಲಿ ಬಂದು ಸರಣಿ ಮುಗಿದಿದೆ, ಹಾಗಾಗಿ ಈಗ ಶುರು ಮಾಡುವ ಮಕ್ಕಳು ವರ್ಷಗಟ್ಟಲೆ ಕಾಯಬೇಕಿಲ್ಲ.

ಮೊದಲ ಪುಟಗಳೇ ಕರುಳು ಹಿಂಡುತ್ತವೆ. ರಾತ್ರಿ ಕಾರು ಅಪಘಾತ. ಅಮ್ಮ ಮತ್ತು ಮಗಳು ಎಮಿಲಿ ಹೊರಗೆ ಬರುತ್ತಾರೆ, ಅಪ್ಪನ ಕಾಲು ಮಾತ್ರ ಒಳಗೆ ಸಿಕ್ಕಿಕೊಂಡಿದೆ, ಎಮಿಲಿಯ ಕಣ್ಣೆದುರಿಗೇ ಕಾರು ಪ್ರಪಾತಕ್ಕೆ ಜಾರುತ್ತದೆ. ಎರಡು ವರ್ಷ ಕಳೆದ ಮೇಲೆ ಅಮ್ಮ, ಎಮಿಲಿ, ತಮ್ಮ ನ್ಯಾವಿನ್ ಮೂವರೂ ಮುತ್ತಜ್ಜನ ಪಾಳುಬಿದ್ದ ಮನೆಗೆ ಬರುತ್ತಾರೆ. ಅಲ್ಲಿ ಎಮಿಲಿಗೆ ಒಂದು ಕಲ್ಲಿನ ತಾಯಿತ ಸಿಗುತ್ತದೆ. ನೆಲಮಾಳಿಗೆಗೆ ಇಳಿದ ಅಮ್ಮನನ್ನು ವಿಚಿತ್ರ ಪ್ರಾಣಿಯೊಂದು ನುಂಗಿ ಹೊತ್ತೊಯ್ಯುತ್ತದೆ. ಮಕ್ಕಳಿಬ್ಬರೂ ಅದರ ಬೆನ್ನು ಹತ್ತಿ 'ಅಲೀಡಿಯಾ' ಅನ್ನುವ ಬೇರೆಯೇ ಲೋಕಕ್ಕೆ ಹೋಗುತ್ತಾರೆ.

ನನಗೆ ತುಂಬ ಹಿಡಿಸಿದ್ದು ಇದೇ. ಇಂಥ ಕಥೆಗಳಲ್ಲಿ ಮಕ್ಕಳು ಆರಾಮಾಗಿ ಅಲೆಯಲಿ ಅಂತ ಅಪ್ಪ-ಅಮ್ಮನನ್ನು ಸುಮ್ನೆ ಬದಿಗೆ ಸರಿಸಿಬಿಡುವುದೇ ಜಾಸ್ತಿ, ಅಲ್ವಾ? ಇಲ್ಲಿ ಅಲೆದಾಟವೆಲ್ಲ ಅಮ್ಮನಿಗಾಗಿಯೇ. ಅಪ್ಪನನ್ನು ಕಳೆದುಕೊಂಡ ಹುಡುಗಿ ಅಮ್ಮನನ್ನೂ ಬಿಟ್ಟುಕೊಡಲಾರಳು, ಅವಳ ಹಟ ಎಲ್ಲಿಂದ ಬಂತು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ತಮ್ಮನೂ ಅಕ್ಕನ ಬಾಲ ಹಿಡಿದು ಬರುವವನಲ್ಲ. ತಾಯಿತದ ಕಲ್ಲಿನ ಮಾಯಾಶಕ್ತಿ ಅವಳದಾದರೆ, ಹಾರುವ ಯಂತ್ರ ನಡೆಸುವವನು ಇವನು.

ಚಿತ್ರಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕತ್ತಲೆಯ ನಡುವೆ ಬಣ್ಣ ಒಳಗಿನಿಂದಲೇ ಬೆಳಗುವಂತೆ ಕಾಣುತ್ತದೆ. ನಮ್ಮ ಬಳ್ಳಾರಿ ಕಡೆಯ ತೊಗಲುಗೊಂಬೆ ಆಟದಲ್ಲಿ ಪರದೆ ಹಿಂದೆ ದೀಪ ಹಚ್ಚಿದಾಗ ಕೆಂಪು, ಹಸಿರು ಹೊಳೆಯುತ್ತದಲ್ಲ, ಹಾಗೆ.

ಪುಸ್ತಕ ಇಂಗ್ಲಿಷಿನಲ್ಲಿದೆ. ಆದರೆ ಮಾತು ಕಡಿಮೆ, ವಾಕ್ಯಗಳು ಚಿಕ್ಕವು. ನಮ್ಮಕ್ಕನ ಮಗಳು ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಬರಹ ಇಲ್ಲದ ಪುಟಗಳಿಗೆ ತಾನೇ ಕನ್ನಡದಲ್ಲಿ ಮಾತು ಕಟ್ಟಿ ತಮ್ಮನಿಗೆ ಓದಿ ಹೇಳಿದಳು. ಮೊಲದ ಆಕಾರದ ರೋಬೋ ಮಿಸ್ಕಿಟ್ ಬಂದಾಗಲೆಲ್ಲ ಅವನು ಪುಟ ತಿರುಗಿಸಲು ಬಿಡುತ್ತಲೇ ಇರಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಅಲೀಡಿಯಾದ ಎಲ್ಫ್ ಅನ್ನುವ ಚೂಪು ಕಿವಿಯ ಜನರ ಕಡೆಯವರು ಈ ಭಾಗದಲ್ಲಿ ಬರೀ ಕೆಟ್ಟವರಾಗಿಯೇ ಬಂದು ಹೋಗುತ್ತಾರೆ. ಮುಂದಿನ ಭಾಗಗಳಲ್ಲಿ ಯುದ್ಧದ ಗದ್ದಲ ಹೆಚ್ಚಾದಂತೆ ಮನೆಯವರ ಕಥೆ ಸ್ವಲ್ಪ ಹಿಂದೆ ಸರಿಯುತ್ತದೆ, ನನಗದು ಬೇಸರ ತಂದಿತು. ತೀರಾ ಚಿಕ್ಕ ಮಕ್ಕಳಿಗಾದರೆ ಆ ಅಪಘಾತದ ಪುಟಗಳನ್ನು ಪಕ್ಕದಲ್ಲಿ ಕೂತು ಓದಿಸಿ.

ನಾನು ಕೇಳಿದ ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲೇ ತರಿಸಿದೆ. ಅಮ್ಮ ಸಿಗುತ್ತಾಳೋ ಇಲ್ಲವೋ ಹೇಳಲ್ಲ, ಆದರೆ ಮೊದಲ ಭಾಗ ನಡುದಾರಿಯಲ್ಲೇ ನಿಲ್ಲುತ್ತದೆ. ಎರಡನೆಯದನ್ನೂ ಜೊತೆಗೇ ತರಿಸಿಕೊಳ್ಳಿ.