ಶೇರ್‌ವುಡ್‌ನಲ್ಲಿ ಹದಿಮೂರು ದಿನ: ‘ಕಾಂಕ್ವೆಸ್ಟ್ಸ್ ಆಫ್ ದಿ ಲಾಂಗ್‌ಬೋ’, ಆರು ವರ್ಷ ಆಡಿದ ಮೇಲೆ

ರಾಬಿನ್ ಹುಡ್‌ನ ಕಥೆಯ ಈ ಕಂಪ್ಯೂಟರ್ ಆಟವನ್ನು ನಾನು ಮೊದಲು ನೋಡಿದ್ದು ಮೈಸೂರಿನ ದೊಡ್ಡಮ್ಮನ ಮನೆಯಲ್ಲಿ, ಅಣ್ಣ ಎಲ್ಲಿಂದಲೋ ಕಾಪಿ ಮಾಡಿಸಿ ತಂದ ಫ್ಲಾಪಿಗಳಲ್ಲಿ. ಕೈಪಿಡಿ ಇರಲಿಲ್ಲ. ಆಟದಲ್ಲಿ ಬೆರಳ ಗೆಣ್ಣುಗಳನ್ನು ಮುಟ್ಟಿ ಅಕ್ಷರ ಹೇಳುವ ಒಂದು ಗುಪ್ತಭಾಷೆ ಬರುತ್ತದೆ, ಅದರ ಕೀಲಿ ಇರುವುದು ಕೈಪಿಡಿಯಲ್ಲಿ. ಅಲ್ಲಿಗೆ ನಮ್ಮ ಆಟ ನಿಂತುಹೋಯಿತು. ಆರು ವರ್ಷದ ಹಿಂದೆ ದುಡ್ಡು ಕೊಟ್ಟು, ಕೈಪಿಡಿಯ ಸಮೇತ ತಗೊಂಡೆ. ಅಂದಿನಿಂದ ವರ್ಷಕ್ಕೊಮ್ಮೆಯಾದರೂ ಪೂರ್ತಿ ಆಡುತ್ತೇನೆ.

ಸಿಯೆರಾ ಕಂಪನಿ ಇದನ್ನು ತಂದದ್ದು 1991ರಲ್ಲಿ. ವಿನ್ಯಾಸ ಕ್ರಿಸ್ಟಿ ಮಾರ್ಕ್ಸ್ ಅವರದು. ಕಥೆಯ ಬೆನ್ನಿಗೆ ನಿಜವಾದ ಇತಿಹಾಸವಿದೆ. ಧರ್ಮಯುದ್ಧದಿಂದ (ಕ್ರುಸೇಡ್) ಮರಳುತ್ತಿದ್ದ ಇಂಗ್ಲೆಂಡಿನ ರಾಜ ರಿಚರ್ಡ್ 1192ರ ಡಿಸೆಂಬರ್‌ನಲ್ಲಿ ವಿಯೆನ್ನಾದ ಹತ್ತಿರ ಸೆರೆ ಸಿಕ್ಕ. ಅವನನ್ನು ಬಿಡಿಸಲು ಬೇಕಾದ ಭಾರಿ ಹಣಕ್ಕೆ ಇಡೀ ದೇಶವನ್ನೇ ಹಿಂಡಿದರು. ಆಟದಲ್ಲಿ ಶೇರ್‌ವುಡ್ ಕಾಡಿನ ದರೋಡೆಕಾರ ರಾಬಿನ್ ಹುಡ್ ಹೊರುವ ಹೊರೆ ಅದೇ: ಹದಿಮೂರು ದಿನದೊಳಗೆ ರಾಜನ ಬಿಡುಗಡೆಗೆ 1,00,000 ಮಾರ್ಕ್ (ಆಗಿನ ಹಣದ ಲೆಕ್ಕ) ಕೂಡಿಸಬೇಕು.

ಬರೀ ಹೊಡೆದಾಟದ ಆರ್‌ಪಿಜಿ (ಒಂದು ಪಾತ್ರವಾಗಿ ಆಡುವ ಆಟ) ಎಂದುಕೊಂಡು ಬಂದವರಿಗೆ ಇದು ಹಿಡಿಸಲಿಕ್ಕಿಲ್ಲ. ಬಿಲ್ಲು ಹೂಡುವುದು, ದೊಣ್ಣೆ ಕಾಳಗ ಎರಡೂ ಇವೆ, ಕಷ್ಟವಾದರೆ ಹದವನ್ನು ತಗ್ಗಿಸಿಕೊಳ್ಳಬಹುದು. ಆದರೆ ಹೆಚ್ಚಿನ ಹೊತ್ತು ಕಳೆಯುವುದು ವೇಷ ಬದಲಿಸುವುದರಲ್ಲಿ, ಮಾತಾಡುವುದರಲ್ಲಿ, ಕಾಯುವುದರಲ್ಲಿ. ವಾಟ್ಲಿಂಗ್ ರಸ್ತೆಯ ಮೇಲಿನ ದಿಬ್ಬದಲ್ಲಿ ನಿಂತು ಕೆಳಗೆ ಹೋಗುವವರನ್ನು ನೋಡುತ್ತಿರಬೇಕು. ಭಿಕ್ಷುಕನಿಗೆ ದುಡ್ಡು ಕೊಟ್ಟು ಅವನ ಹರಕು ಬಟ್ಟೆ ಕೊಂಡು, ಅದನ್ನೇ ಹಾಕಿಕೊಂಡು ನಾಟಿಂಗ್‌ಹ್ಯಾಮ್ ಪೇಟೆಗೆ ನುಗ್ಗುವಾಗ ಎದೆ ಈಗಲೂ ಡವಡವ ಎನ್ನುತ್ತದೆ.

ನಾನು ಮತ್ತೆ ಮತ್ತೆ ಇದಕ್ಕೆ ಮರಳುವ ಕಾರಣ ಬೇರೆ. ಈ ಆಟ ಲೆಕ್ಕ ಇಡುತ್ತದೆ, ಅದೂ ಗೆದ್ದ ಹಣದ ಲೆಕ್ಕ ಮಾತ್ರವಲ್ಲ. ದೊಡ್ಡ ದಾಳಿಗೆ ಮುಂಚೆ ಜೊತೆಗಾರರು ಒಬ್ಬೊಬ್ಬರೂ ತಮ್ಮ ಉಪಾಯ ಹೇಳುತ್ತಾರೆ. ಯಾವುದು ಎಂದು ತೀರ್ಮಾನಿಸುವವರು ನಾವು. ಆತುರದ ಉಪಾಯ ಹಿಡಿದರೂ ದಾಳಿ ಗೆಲ್ಲಬಹುದು, ಆದರೆ ನಮ್ಮವರ ಹೆಣ ಬೀಳುತ್ತದೆ. ಕೊನೆಯಲ್ಲಿ ರಾಬಿನ್‌ನ ವಿಚಾರಣೆ ನಡೆಯುವಾಗ ಯಾರನ್ನು ಕಾಪಾಡಿದೆ, ಎಷ್ಟು ಜನರನ್ನು ಕಳೆದುಕೊಂಡೆ ಎಂಬುದೆಲ್ಲ ಎದುರಿಗೆ ಬರುತ್ತದೆ. ನೇಣಿನಿಂದ ಹಿಡಿದು ಪ್ರೇಯಸಿ ಮೇರಿಯನ್ ಜೊತೆ ಮದುವೆಯ ತನಕ ಬೇರೆ ಬೇರೆ ಮುಕ್ತಾಯಗಳಿವೆ. ಮೊದಲ ಸಲ ಹಣವೆಲ್ಲ ಕೂಡಿಸಿ ಹಿಗ್ಗಿನಲ್ಲಿದ್ದೆ. ಪಕ್ಕದಲ್ಲಿ ಕೂತಿದ್ದ ಮಗಳು ಕೇಳಿದಳು: “ಅಪ್ಪ, ಬೇರೆ ಉಪಾಯ ಆರಿಸ್ಕೊಂಡಿದ್ರೆ ಅವ್ರು ಉಳೀತಿದ್ರು ಅಲ್ವಾ?” ಹೌದು, ಉಳಿಯುತ್ತಿದ್ದರು. ಮಾರನೇ ವಾರವೇ ಮೊದಲಿಂದ ಶುರುಮಾಡಿದೆವು.

ಮೇರಿಯನ್ ಇಲ್ಲಿ ಸುಮ್ಮನೆ ಕಾಯುತ್ತ ಕೂರುವ ಹೆಣ್ಣಲ್ಲ. ಕಾಡಿನ ಹಳೆಯ ಧರ್ಮದ ಪೂಜಾರಿಣಿ, ಅವಳಿಗೆ ಅವಳದೇ ಕೆಲಸವಿದೆ. 256 ಬಣ್ಣಗಳಲ್ಲಿ ಬರೆದ ಕಾಡಿನ ಚಿತ್ರಗಳನ್ನು ನೋಡುತ್ತ ನಾನು ಎಷ್ಟೋ ಸಲ ಮೌಸ್ ಮುಟ್ಟದೆ ಕೂತಿದ್ದೇನೆ.

ಆಟದ ನಡುವೆ ಒಂದು ಕಡೆ ಹಲಗೆಯಾಟ ಬರುತ್ತದೆ, ನೈನ್ ಮೆನ್ಸ್ ಮಾರಿಸ್. ಒಂದರೊಳಗೊಂದು ಮೂರು ಚೌಕ, ಇಪ್ಪತ್ತನಾಲ್ಕು ಬಿಂದು, ಇಬ್ಬರಿಗೂ ಒಂಬತ್ತೊಂಬತ್ತು ಕಾಯಿ. ನೋಡಿದ ತಕ್ಷಣ ಗೊತ್ತಾಯಿತು, ಇದು ನಮ್ಮ ನವಕಂಕರಿ, ಅಜ್ಜಿ ‘ಸಾಲುಮನೆ’ ಎನ್ನುತ್ತಿದ್ದ ಆಟ! ಹಳೆಯ ಗುಡಿಗಳ ಕಲ್ಲುಹಾಸಿನ ಮೇಲೆ ಕೆತ್ತಿದ್ದನ್ನು ನೀವೂ ಕಂಡಿರಬಹುದು. ಮಗಳಿಗೆ ನಿಯಮ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ, ಮೂರು ಕಾಯಿ ಸಾಲಾಗಿಸಿ ಎದುರಾಳಿಯ ಕಾಯಿ ತೆಗೆಯುತ್ತ ಹೋದಳು.

ಕೊರತೆಗಳೂ ಇವೆ. ಮಾತೆಲ್ಲ ಹಳೇ ಧಾಟಿಯ ಇಂಗ್ಲಿಷಿನಲ್ಲಿದೆ, ಓದಿ ಹೇಳಲು ಒಬ್ಬರು ಪಕ್ಕದಲ್ಲಿಲ್ಲದಿದ್ದರೆ ಮಕ್ಕಳಿಗೆ ಕಷ್ಟ. ಒಂದು ತಪ್ಪು ಹೆಜ್ಜೆಗೆ ಸಾವು, ಆದ್ದರಿಂದ ಆಗಾಗ ಸೇವ್ ಮಾಡಿಕೊಳ್ಳಲೇಬೇಕು. ಹಳೆಯ ಸೇವ್‌ಗಳನ್ನು ಅಳಿಸಬೇಡಿ, ದಿನಕ್ಕೊಂದು ಇಟ್ಟುಕೊಳ್ಳಿ. ನಾನು ಆಡುವುದು ಹಳೆಯ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಸ್ಕಮ್‌ವಿಎಮ್ ತಂತ್ರಾಂಶದಲ್ಲಿ, ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ಸರಾಗವಾಗಿ ಓಡುತ್ತದೆ. ಬೆರಳಕ್ಷರದ ಪುಟವನ್ನು ಮಾತ್ರ ಪ್ರಿಂಟ್ ತೆಗೆದು ಕೀಬೋರ್ಡ್ ಪಕ್ಕಕ್ಕೆ ಅಂಟಿಸಿದ್ದೇನೆ.

ಈ ಸಲ ಮೌಸ್ ಮಗಳ ಕೈಯಲ್ಲಿದೆ. ನಾಲ್ಕನೇ ದಿನಕ್ಕೆ ಬಂದಿದ್ದಾಳೆ, ಇನ್ನೂ ಒಬ್ಬನನ್ನೂ ಕಳೆದುಕೊಂಡಿಲ್ಲ.