ಸಿಪ್ಯಾಪ್ ಕೊಳ್ಳೋ ಮುಂಚೆ ಯಂತ್ರ ಓಡಿದ ಗಂಟೆ ನೋಡಿ, ಮಾಸ್ಕಿನ ತೂತು ನೋಡಿ

ಸಿಪ್ಯಾಪ್ ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮಾಸ್ಕಿನ ಮೂಲಕ ಒತ್ತಡದ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಯಂತ್ರ. ಅದನ್ನು ಮಾರುವವರು ‘ಮನೆಗೇ ಬಂದು ಫ್ರೀಯಾಗಿ ಸ್ಲೀಪ್ ಟೆಸ್ಟ್ ಮಾಡ್ತೀವಿ’ ಅಂದರೆ ದಯವಿಟ್ಟು ಒಳಗೆ ಬಿಟ್ಕೋಬೇಡಿ. ಟೆಸ್ಟ್ ಮಾಡೋನೂ ಅವನೇ, ರಿಪೋರ್ಟ್ ಕೊಡೋನೂ ಅವನೇ, ಯಂತ್ರ ಮಾರೋನೂ ಅವನೇ. ಇಷ್ಟೆಲ್ಲ ಗೊತ್ತಿದ್ದೂ 58,000 ರೂಪಾಯಿ ಎಣಿಸಿಕೊಟ್ಟೆವು. ಬರೆಯೋಕೆ ನಾಚಿಕೆ ಆಗ್ತಿದೆ.

ಯಂತ್ರ ಮಾವನವರಿಗೆ. ಜೋರು ಗೊರಕೆ, ನಡುವೆ ಉಸಿರೇ ನಿಂತು ಮನೆಯೆಲ್ಲ ನಿಶ್ಶಬ್ದ, ಆಮೇಲೆ ಗಕ್ಕನೆ ಉಸಿರೆಳೆದು ಮತ್ತೆ ಗೊರಕೆ. ಹಗಲು ಪೇಪರ್ ಕೈಯಲ್ಲಿದ್ದ ಹಾಗೇ ತೂಕಡಿಕೆ. ಮೂರು ಮಾತ್ರೆಗೂ ಬಗ್ಗದ ಬಿಪಿ. ಇದು ಸ್ಲೀಪ್ ಆಪ್ನಿಯಾ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರೋ ಕಾಯಿಲೆ ಅಂತ ಯಾರಾದರೂ ಊಹಿಸಬಹುದಿತ್ತು. ಬಂದವನು ಹಿಡಿದದ್ದೂ ಅದನ್ನೇ: ‘ಇವತ್ತು ರಾತ್ರಿನೇ ಸ್ಟ್ರೋಕ್ ಆದ್ರೆ ಏನ್ ಮಾಡ್ತೀರಾ ಸಾರ್?’ ಕೋಪ ಬರೋದು ಇಲ್ಲೇ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಉಸಿರು ನಿಂತಾಗಲೆಲ್ಲ ಆಮ್ಲಜನಕ ಇಳಿಯುತ್ತೆ, ಮಿದುಳು ಬೆಚ್ಚಿ ಎಬ್ಬಿಸುತ್ತೆ, ಬಿಪಿ ಏರುತ್ತೆ. ವರ್ಷಗಟ್ಟಲೆ ಹೀಗೇ ನಡೆದರೆ ಹೃದಯದ ಬಡಿತ ತಪ್ಪೋದು, ಪಾರ್ಶ್ವವಾಯು, ಗಾಡಿ ಓಡಿಸುವಾಗ ನಿದ್ದೆ, ಎಲ್ಲದರ ಅಪಾಯವೂ ಹೆಚ್ಚು. ಆದರೆ ಅದು ವರ್ಷಗಳ ಲೆಕ್ಕ. ನಾಳೆ ಬೆಳಿಗ್ಗೆ ಹನ್ನೊಂದರೊಳಗೆ ಅಡ್ವಾನ್ಸ್ ಹಾಕುವ ಲೆಕ್ಕ ಅಲ್ಲ.

ರಿಪೋರ್ಟಿನಲ್ಲಿ ಎಎಚ್‌ಐ 47 ಅಂತ ಕೆಂಪಕ್ಷರದಲ್ಲಿತ್ತು. ಗಂಟೆಗೆ ಎಷ್ಟು ಸಲ ಹತ್ತು ಸೆಕೆಂಡಾದರೂ ಉಸಿರು ನಿಂತಿತು ಅಥವಾ ಅರೆಬರೆ ಆಯಿತು ಅನ್ನುವ ಲೆಕ್ಕ ಅದು. 5ರ ಒಳಗೆ ಸಹಜ, 15ರ ತನಕ ಸೌಮ್ಯ, 30ರ ತನಕ ಮಧ್ಯಮ, ಅದರ ಮೇಲೆ ತೀವ್ರ. 47 ನೋಡಿ ಎಲ್ಲರೂ ಬೆವತೆವು. ಒಳಗಿನ ಗ್ರಾಫ್ ಯಾರೂ ನೋಡಲಿಲ್ಲ. ಆಮೇಲೆ ನೋಡಿದರೆ, ರಾತ್ರಿ ಒಂದೂವರೆಯ ನಂತರ ಮೂಗಿನ ಗಾಳಿಯ ಗೆರೆ ನೆಟ್ಟಗೆ ಮಲಗಿದೆ. ಮೂಗಿಗೆ ಹಾಕಿದ್ದ ನಳಿಗೆ ಜಾರಿಹೋಗಿದೆ, ಅಷ್ಟೇ. ನಿಜವಾಗಿ ಉಸಿರು ಕಟ್ಟಿದ್ದರೆ ಕೆಳಗಿನ ಆಮ್ಲಜನಕದ ಗೆರೆಯೂ ಸ್ವಲ್ಪ ಹೊತ್ತಿಗೆ ಕುಸಿಯಬೇಕಿತ್ತು. ಅದು 95ರಲ್ಲಿ ಹಾಯಾಗಿ ಕೂತಿದೆ! ಸಾಫ್ಟ್‌ವೇರ್ ಅದನ್ನೆಲ್ಲ ಉಸಿರು ನಿಂತ ಲೆಕ್ಕಕ್ಕೆ ಹಾಕಿಬಿಟ್ಟಿದೆ. ಮನೆ ಟೆಸ್ಟಿನಲ್ಲಿ ಕನಿಷ್ಠ ನಾಲ್ಕು ಗಂಟೆ ಗಾಳಿ ಮತ್ತು ಆಮ್ಲಜನಕ ಎರಡೂ ಸರಿಯಾಗಿ ದಾಖಲಾಗಬೇಕು, ಸಾಫ್ಟ್‌ವೇರ್ ಎಣಿಸಿದ್ದನ್ನು ಬಲ್ಲವರೊಬ್ಬರು ಕೂತು ತಿದ್ದಬೇಕು, ವೈದ್ಯರ ಸಹಿ ಇರಬೇಕು. ಇದರಲ್ಲಿ ಇದ್ದದ್ದು ಅಂಗಡಿಯ ಸೀಲು.

ಇನ್ನು ಮಾಸ್ಕ್. ಮೂಗು ಬಾಯಿ ಎರಡೂ ಮುಚ್ಚುವ ಫುಲ್ ಫೇಸ್ ಮಾಸ್ಕ್ ಕೊಟ್ಟ. ಪೈಪ್ ಸೇರುವ ಬಾಗಿದ ತುಂಡು, ಅದನ್ನು ‘ಮೊಣಕೈ’ ಅಂತಾರೆ, ನೀಲಿ ಬಣ್ಣದ್ದು. ಮೊದಲ ರಾತ್ರಿಯಿಂದಲೇ ಬೆಳಿಗ್ಗೆ ಎದ್ದರೆ ತಲೆ ಸಿಡಿತ, ಮಂಕು. ಫೋನ್ ಮಾಡಿದರೆ, ‘ಒಂದು ವಾರ ಅಭ್ಯಾಸ ಆಗ್ಬೇಕು ಸಾರ್.’ ಮಾಸ್ಕಿನಲ್ಲಿ ತೂತೇ ಕಾಣ್ತಿಲ್ಲವಲ್ಲ ಅಂತ ಕೇಳಿದ್ದಕ್ಕೆ ಬಂದ ಉತ್ತರ ಇವತ್ತಿಗೂ ಕಿವಿಯಲ್ಲಿದೆ: ‘ಅದೇ ಸಾರ್ ಇದರ ಸ್ಪೆಷಾಲಿಟಿ, ಗಾಳಿ ಲೀಕೇ ಆಗಲ್ಲ.’

ಲೀಕೇ ಆಗಲ್ಲವಂತೆ! ಸಿಪ್ಯಾಪಿನಲ್ಲಿ ಇರೋದು ಒಂದೇ ಪೈಪ್. ಬಿಟ್ಟ ಉಸಿರು ಹೊರಗೆ ಹೋಗೋದೇ ಮಾಸ್ಕಿನ ಆ ಸಣ್ಣ ತೂತುಗಳಿಂದ. ತೂತಿಲ್ಲದ ಮಾಸ್ಕ್ ಆಸ್ಪತ್ರೆಯ ವೆಂಟಿಲೇಟರಿಗೆ, ಅಲ್ಲಿ ಉಸಿರು ಹೊರಹೋಗಲು ಬೇರೆ ವ್ಯವಸ್ಥೆ ಇರುತ್ತೆ. ಎಷ್ಟೋ ಕಂಪನಿಗಳು ಗೊಂದಲ ಆಗಬಾರದು ಅಂತಲೇ ಅದಕ್ಕೆ ನೀಲಿ ಮೊಣಕೈ ಹಾಕ್ತವೆ. ಅದನ್ನು ಮನೆಯ ಸಿಪ್ಯಾಪಿಗೆ ಸಿಕ್ಕಿಸಿದರೆ ತಾನು ಬಿಟ್ಟ ಇಂಗಾಲದ ಡೈಆಕ್ಸೈಡನ್ನೇ ಮನುಷ್ಯ ರಾತ್ರಿಯಿಡೀ ಎಳೆದುಕೊಳ್ತಾನೆ. ನಾಲ್ಕು ರಾತ್ರಿ! ಸೀದಾ ಹೇಳ್ತೀನಿ, ಇದು ಮೋಸಕ್ಕಿಂತ ದೊಡ್ಡದು. ಪರೀಕ್ಷೆ ಸುಲಭ: ಮಾಸ್ಕ್ ಹಾಕಿ ಯಂತ್ರ ಓಡಿಸಿ, ಅಂಗೈಯನ್ನು ಮಾಸ್ಕಿನ ಮುಂದೆ ಹಿಡಿಯಿರಿ. ಸಣ್ಣಗೆ ಗಾಳಿ ಬರ್ತಾನೇ ಇರಬೇಕು. ಬರದಿದ್ದರೆ ಆ ಕ್ಷಣವೇ ಕಳಚಿ.

ಮಾಸ್ಕ್ ಬದಲಾಯಿಸಿದ ಮೇಲೂ ಉಸಿರು ಸಾಲ್ತಿಲ್ಲ ಅನ್ನೋ ದೂರು. ಯಂತ್ರ ಊದುವ ಗಾಳಿಯ ಒತ್ತಡದ ಮಿತಿ ನೋಡಿದರೆ ಪೆಟ್ಟಿಗೆಯಿಂದ ಬಂದ ಹಾಗೇ 4ರಿಂದ 20 (ನೀರಿನ ಸೆಂಟಿಮೀಟರ್ ಲೆಕ್ಕದಲ್ಲಿ). ‘ಆಟೋ ಅಂದ್ರೆ ಆಟೋ ಸಾರ್, ಎಲ್ಲಾ ಅದೇ ನೋಡ್ಕೊಳ್ಳುತ್ತೆ.’ ನೋಡಿಕೊಳ್ಳಲ್ಲ. ದಪ್ಪ ಮೈಯವರಿಗೆ 4ರಲ್ಲಿ ಉಸಿರುಗಟ್ಟಿದ ಹಾಗಾಗುತ್ತೆ, ಯಂತ್ರ ಮೇಲೇರುವ ಹೊತ್ತಿಗೆ ಅವರು ಮಾಸ್ಕ್ ಕಿತ್ತೆಸೆದಿರ್ತಾರೆ. ಬಾಯಿ ತೆರೆದು ಗಾಳಿ ಸೋರಿದರೆ ಆಟೋ ಲೆಕ್ಕವೂ ಕೆಡುತ್ತೆ.

ಒತ್ತಡ ಸರಿಮಾಡೋಕೆ ಅಂತ ಟೆಕ್ನಿಶಿಯನ್ ಮೆನು ತೆರೆದಾಗಲೇ ಸಿಕ್ಕಿದ್ದು ಆ ಅಂಕಿ. ರೋಗಿ ಬಳಸಿದ ಗಂಟೆ: 31. ಮೋಟಾರು ಓಡಿದ ಒಟ್ಟು ಗಂಟೆ: 2,316.

ಹೊಸ ಯಂತ್ರ. ಸೀಲು ಒಡೆದು ಕೊಟ್ಟ ಹೊಸ ಯಂತ್ರ. ರಾತ್ರಿಗೆ ಏಳು ಗಂಟೆಯಂತೆ ಹನ್ನೊಂದು ತಿಂಗಳು ಯಾರದೋ ತಲೆಯ ಹತ್ತಿರ ಓಡಿ ಬಂದಿದೆ. ರೋಗಿಯ ಲೆಕ್ಕ ಒಂದು ಗುಂಡಿ ಒತ್ತಿದರೆ ಅಳಿಯುತ್ತೆ. ಬಹುತೇಕ ಯಂತ್ರಗಳಲ್ಲಿ ಮೋಟಾರಿನ ಗಂಟೆ ಹಾಗೆ ಅಳಿಯಲ್ಲ, ಅದು ಮಾರಿದವನಿಗೂ ಮರೆತಿತ್ತೇನೋ.

‘ಅದು ಫ್ಯಾಕ್ಟರಿ ಟೆಸ್ಟಿಂಗ್ ಸಾರ್.’
‘ಹನ್ನೊಂದು ತಿಂಗಳು ಟೆಸ್ಟ್ ಮಾಡ್ತಾರಾ?’
‘ಕ್ವಾಲಿಟಿ ಸಾರ್, ಇಂಪೋರ್ಟೆಡ್ ಅಲ್ವಾ.’

ಹಳೆಯದು ಅಂತ ಹೇಳಿ ಅರ್ಧ ಬೆಲೆಗೆ ಕೊಟ್ಟಿದ್ದರೆ ಅದು ಬೇರೆ ಮಾತು. ಆದರೂ ಹಳೆಯ ಯಂತ್ರ ಕೊಳ್ಳುವವರು ಇದೊಂದನ್ನು ಗಮನಿಸಿ: 2021ರ ಜೂನ್‌ನಲ್ಲಿ ಫಿಲಿಪ್ಸ್ ತನ್ನ ಹಲವು ಮಾದರಿಗಳನ್ನು ವಾಪಸ್ ಕರೆಯಿತು. ಸದ್ದಡಗಿಸಲು ಒಳಗಿಟ್ಟ ಫೋಮ್ ಪುಡಿಯಾಗಿ ಉಸಿರಿನ ದಾರಿಗೆ ಸೇರಬಹುದು ಅನ್ನೋ ಕಾರಣಕ್ಕೆ. ಸೀರಿಯಲ್ ನಂಬರ್ ತಾಳೆ ನೋಡದೆ ತಗೋಬೇಡಿ. ಬಿಲ್ಲಿನ ನಂಬರೂ ಯಂತ್ರದ ಅಡಿಯ ನಂಬರೂ ಒಂದೇ ಇದೆಯಾ ನೋಡಿ. ನಮ್ಮ ಬಿಲ್ಲಿನಲ್ಲಿ ನಂಬರೇ ಇರಲಿಲ್ಲ.

ಆಮೇಲೆ ಮಾಡಿದ್ದು, ಮೊದಲೇ ಮಾಡಬೇಕಾಗಿದ್ದು: ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪರೀಕ್ಷೆ. ತಲೆಗೂ ವೈರು ಹಾಕಿ, ನಿಜವಾಗಿ ನಿದ್ದೆ ಮಾಡಿದ ಹೊತ್ತನ್ನಷ್ಟೇ ಲೆಕ್ಕ ಹಿಡೀತಾರೆ. ಎಎಚ್‌ಐ 22. ಕಾಯಿಲೆ ಇದೆ, ಯಂತ್ರವೂ ಬೇಕು, ಆದರೆ 47 ಅಲ್ಲ. ಇನ್ನೊಂದು ರಾತ್ರಿ ಮಾಸ್ಕ್ ಹಾಕಿಸಿ ಒತ್ತಡ ಏರಿಸುತ್ತಾ ಹೋಗಿ, ಒತ್ತಡ 11ಕ್ಕೆ ಬಂದಾಗ ಉಸಿರು ನಿಲ್ಲೋದು ನಿಂತಿತು ಅಂತ ಬರೆದುಕೊಟ್ಟರು. ಬೆಂಗಳೂರಿನವರಿಗೆ ನಿಮ್ಹಾನ್ಸ್‌ನಲ್ಲೂ ನಿದ್ರೆಯ ವಿಭಾಗ ಇದೆ. ಒತ್ತಡ ಬರೆದುಕೊಟ್ಟ ಆ ಚೀಟಿ ಕೈಯಲ್ಲಿಟ್ಕೊಂಡೇ ಅಂಗಡಿಗೆ ಹೋಗಿ, ಒಂದೆರಡು ವಾರ ಬಾಡಿಗೆಗೆ ತಂದು ನೋಡಿ, ಮೆನು ತೆರೆಸಿ ಗಂಟೆಯ ಫೋಟೊ ತೆಗೆದ ಮೇಲೆ ದುಡ್ಡು ಕೊಡಿ. ಗೊರಕೆ ನಿಲ್ಲಿಸೋಕೆ ಗಲ್ಲಕ್ಕೆ ಕಟ್ಟೋ ಪಟ್ಟಿ, ಮೂಗಿನ ಕ್ಲಿಪ್ಪು ಅಂತ ಫೋನಿನಲ್ಲಿ ಬರೋ ಜಾಹೀರಾತುಗಳ ಬಗ್ಗೆ ಬರೆಯೋಕೂ ಬೇಜಾರು.

ಯಂತ್ರ ವಾಪಸ್ ತಗೊಳ್ಳಿ ಅಂತ ಹೋದಾಗ ಅವನು ಹೇಳಿದ್ದು: ‘ಸಾರಿ ಸಾರ್, ಒಬ್ಬರು ಬಳಸಿದ ಯಂತ್ರ ನಾವು ತಗೊಳ್ಳಲ್ಲ. ಹೈಜೀನ್ ಇಶ್ಯೂ.’

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀವಿ.