ಕೊಪ್ಪಳದಲ್ಲಿ ಕೊಂಡ ಮಳೆಮಾಪಕ: ಒಂದು ಮುಂಗಾರಿನ ಬಳಕೆಯ ನಂತರ

ಪಕ್ಕದ ಊರಿಗೆ ಸುರಿದ ಮಳೆ ನಮ್ಮ ಹೊಲದ ಬದುವನ್ನೂ ದಾಟದೆ ಹೋಗುವುದು ಕುಷ್ಟಗಿ ಸೀಮೆಯವರಿಗೆ ಹೊಸದಲ್ಲ. ಹೋಬಳಿಯ ಲೆಕ್ಕದ ಜೊತೆಗೆ ನಮ್ಮ ಮಸಾರಿ ಹೊಲದ್ದೇ ಒಂದು ಲೆಕ್ಕವಿರಲಿ ಎಂದು, ಕಳೆದ ಮೇ ತಿಂಗಳಲ್ಲಿ ಕೊಪ್ಪಳದ ಕೃಷಿ ಪರಿಕರಗಳ ಅಂಗಡಿಯೊಂದರಲ್ಲಿ ಫೈಬರ್ ಮಳೆಮಾಪಕವನ್ನು ಕೊಂಡೆ.

ಮಾಪಕದ ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್. ಆದ್ದರಿಂದ 1 ಮಿಲಿಮೀಟರ್ ಮಳೆಗೆ 20 ಮಿಲಿಲೀಟರ್ ನೀರು ಸೇರಬೇಕು. ಅದನ್ನು ನಂಬಿ ಕೂರದೆ, ಸಿರಿಂಜಿನಿಂದ 200 ಮಿಲಿಲೀಟರ್ ನೀರನ್ನು ಅಳೆದು ಸುರಿದು ನೋಡಿದೆ. ಅಳತೆಗಾಜಿನಲ್ಲಿ ನೀರು ಮೂರು ಸಲವೂ 10 ಮಿಲಿಮೀಟರ್ ಗೆರೆಯಲ್ಲೇ ನಿಂತಿತು.

ಇಷ್ಟು ಹಟದಿಂದ ಪರೀಕ್ಷಿಸಲು ಕಾರಣ ಅನ್ನಾ ಮಣಿಯವರ ಬಗ್ಗೆ ಓದಿದ್ದು. 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಜನಿಸಿ, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ರೋಹಿತಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಈ ಭೌತವಿಜ್ಞಾನಿಗೆ, ಎಂ.ಎಸ್ಸಿ. ಪದವಿ ಇಲ್ಲವೆಂಬ ಒಂದೇ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಲಂಡನ್ನಿನಲ್ಲಿ ಹವಾಮಾನ ಉಪಕರಣಗಳನ್ನು ಕುರಿತು ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿದ ಅವರು, ಸರಳ ಉಪಕರಣಗಳನ್ನೂ ಹೊರದೇಶದಿಂದ ತರಿಸುತ್ತಿದ್ದ ಆ ದಿನಗಳಲ್ಲಿ, ಸುಮಾರು 100 ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ಇಲ್ಲಿಯೇ ತಯಾರಿಸುವಂತೆ ಮಾಡಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಲೇಸು ಎಂಬುದು ಅವರ ನಿಲುವಾಗಿತ್ತು. ನಿವೃತ್ತಿಯ ನಂತರವೂ ಅವರು ದೇಶದ ನೂರಾರು ಕಡೆ ಗಾಳಿಯ ವೇಗವನ್ನು ಅಳೆಸಿದರು. ನಮ್ಮ ಗುಡ್ಡಗಳ ಗಾಳಿಯಂತ್ರಗಳನ್ನು ಕಂಡಾಗಲೆಲ್ಲ ಅವರ ನೆನಪಾಗುತ್ತದೆ.

ಮಾಪಕದ ಮೈ ಬಿಸಿಲಿಗೆ ಬಿರಿದಿಲ್ಲ, ಆಲಿಕೆ ಸೋರುವುದಿಲ್ಲ. ಆದರೆ ಅಳತೆಗಾಜಿನ ಅಂಕಿಗಳು ಆಗಸ್ಟ್ ಹೊತ್ತಿಗೇ ಮಾಸಿದವು, ಅಂಗಡಿಯವರು ಬೇರೆ ಗಾಜನ್ನು ಕೊಡಲು ಮೂರು ವಾರ ತೆಗೆದುಕೊಂಡರು. ಓದುವ ಗಾಜೇ ಮಸುಕಾದರೆ ಉಳಿದದ್ದೆಲ್ಲ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಇದನ್ನು ನಾನು ಸಣ್ಣ ಕೊರತೆಯೆಂದು ಎಣಿಸಲಾರೆ. ಕನ್ನಡದಲ್ಲಿ ಸೂಚನೆಯ ಹಾಳೆಯೂ ಇರಲಿಲ್ಲ. ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಸಮತಟ್ಟಾಗಿರಬೇಕು, ಮರ ಗೋಡೆಗಳಿಂದ ದೂರವಿರಬೇಕು ಎಂಬುದನ್ನು ಬೇರೆಡೆ ಓದಿ ತಿಳಿದುಕೊಳ್ಳಬೇಕಾಯಿತು.

ಇಲಾಖೆಯ ಪದ್ಧತಿಯಂತೆ ಪ್ರತಿದಿನ ಬೆಳಿಗ್ಗೆ 8.30ಕ್ಕೆ ಓದಿ ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. 2.5 ಮಿಲಿಮೀಟರ್ ಆದರೆ ಮಾತ್ರ ಅದು ಮಳೆಯ ದಿನ; ಆರಿದ್ರೆಯಲ್ಲಿ ನಾವು ಮಳೆ ಬಂತೆಂದು ಹೇಳಿಕೊಂಡ ಎಷ್ಟೋ ದಿನಗಳು ಈ ಲೆಕ್ಕದಲ್ಲಿ ನಿಲ್ಲಲಿಲ್ಲ. ಸಜ್ಜೆ ಬಿತ್ತನೆಯನ್ನು ಈ ಸಲ ಒಂದು ವಾರ ತಡೆದದ್ದು ಆ ಪುಸ್ತಕವನ್ನು ನೋಡಿಯೇ. ಕೊಳ್ಳುವವರು ಅಂಗಡಿಯಲ್ಲೇ ನೀರು ಅಳೆದು ಸುರಿದು ನೋಡಿ, ಇನ್ನೊಂದು ಅಳತೆಗಾಜನ್ನು ಆಗಲೇ ಕೇಳಿ ಪಡೆಯಿರಿ.